ಎಣ್ಣೆಯ ಮರ ಮತ್ತು ನೀರಿನ ಲೆಕ್ಕ

ಒಂದು ಪದಾರ್ಥದ ಬೆಲೆಯೆಷ್ಟೆಂದು ಕೇಳಿದರೆ ಅಂಗಡಿಯವನು ಹೇಳುವ ರೂಪಾಯಿಗಳ ಮೊತ್ತವೇ ಅದರ ಬೆಲೆಯೆಂದು ನಾವು ಸಾಧಾರಣವಾಗಿ ಭಾವಿಸುತ್ತೇವೆ. ಆದರೆ ಆ ಪದಾರ್ಥ ಹುಟ್ಟುವುದಕ್ಕೆ ಎಷ್ಟು ನೆಲ ಬೇಕಾಯಿತು, ಎಷ್ಟು ನೀರು ವೆಚ್ಚವಾಯಿತು, ಎಲ್ಲಿಯ ಕಾಡು ಅಳಿಯಿತು, ಯಾರ ಕಸಬು ನಿಂತಿತು ಎಂಬ ವಿಷಯಗಳು ಆ ಮೊತ್ತದಲ್ಲಿ ಕಾಣುವುದಿಲ್ಲ. ಹೀಗೆ ಕಣ್ಣಿಗೆ ಬೀಳದ ಬೆಲೆಗೆ ತಾಳೆ ಎಣ್ಣೆಗಿಂತ ತಕ್ಕ ಉದಾಹರಣೆ ದೊರೆಯುವುದು ಕಷ್ಟ. ಪಾಮಾಯಿಲ್, ಪಾಮೋಲೀನ್ ಎಂಬ ಹೆಸರುಗಳಿಂದ ಪರಿಚಿತವಾದ ಈ ಎಣ್ಣೆ ಇಂದು ಹೋಟೆಲಿನ ಬಾಣಲೆಯಲ್ಲಿದೆ, ಬಿಸ್ಕತ್ತಿನಲ್ಲಿದೆ, ಸ್ನಾನದ ಸಾಬೂನಿನಲ್ಲಿದೆ. ಇದನ್ನು ಬಳಸದೆ ದಿನ ಕಳೆಯುವವರು ನಮ್ಮಲ್ಲಿ ಬಹಳ ಮಂದಿ ಇರಲಾರರು.

ಭಾರತವು ತನಗೆ ಬೇಕಾದ ಖಾದ್ಯತೈಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ೨೦೨೩-೨೪ರ ತೈಲವರ್ಷದಲ್ಲಿ ಹೀಗೆ ಬಂದ ಎಣ್ಣೆ ಸುಮಾರು ೧೬೦ ಲಕ್ಷ ಟನ್ನು. ಅದರಲ್ಲಿ ಸುಮಾರು ೯೦ ಲಕ್ಷ ಟನ್ನು ತಾಳೆ ಎಣ್ಣೆಯೇ ಆಗಿದ್ದಿತು. ಇಷ್ಟೊಂದು ಹಣವನ್ನು ಹೊರಗೆ ಕಳುಹಿಸುವುದರ ಬದಲು ಆ ಮರವನ್ನು ನಮ್ಮಲ್ಲಿಯೇ ಏಕೆ ಬೆಳೆಯಬಾರದು ಎಂಬ ಪ್ರಶ್ನೆ ಸಹಜವಾದದ್ದು. ೨೦೨೧ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರವು ೧೧,೦೪೦ ಕೋಟಿ ರೂಪಾಯಿಗಳ ರಾಷ್ಟ್ರೀಯ ಯೋಜನೆಯೊಂದನ್ನು ಮಂಜೂರುಮಾಡಿ, ಇನ್ನೂ ೬.೫ ಲಕ್ಷ ಹೆಕ್ಟೇರುಗಳಲ್ಲಿ ಈ ಬೆಳೆಯನ್ನು ಹಬ್ಬಿಸುವ ಗುರಿಯನ್ನಿಟ್ಟುಕೊಂಡಿತು. ಕರ್ನಾಟಕದಲ್ಲಿಯೂ ಭದ್ರಾ, ತುಂಗಭದ್ರಾ, ಕಾವೇರಿ ಅಚ್ಚುಕಟ್ಟುಗಳಲ್ಲಿ ತಾಳೆಯ ತೋಟಗಳುಂಟು.

ಇನ್ನೊಂದು ಕಡೆ, ಬರಕ್ಕೆ ಹೆಸರಾದ ಜಗಳೂರು ತಾಲ್ಲೂಕಿಗೆ ನೀರು ತರುವ ಪ್ರಯತ್ನ ನಡೆದಿದೆ. ಹರಿಹರದ ಬಳಿಯ ದೀಟೂರಿನಿಂದ ತುಂಗಭದ್ರೆಯ ನೀರನ್ನೆತ್ತಿ ೫೭ ಕೆರೆಗಳಿಗೆ ತುಂಬಿಸುವ ಯೋಜನೆ ಒಂದು. ಭದ್ರಾ ಮೇಲ್ದಂಡೆ ಯೋಜನೆ ಮತ್ತೊಂದು. ಹೊಸ ನೀರು ಬಂದೆಡೆಯಲ್ಲೆಲ್ಲ ಹೊಸ ಬೆಳೆಯ ಆಸೆಯೂ ಹುಟ್ಟುತ್ತದೆ. ಆ ನೀರಿನಿಂದ ಏನನ್ನು ಬೆಳೆಯಬೇಕು, ಏನನ್ನು ಬೆಳೆಯಬಾರದು ಎಂಬುದನ್ನು ನಿಶ್ಚಯಿಸುವ ಮೊದಲು ಎಣ್ಣೆಯ ಮರದ ಲೆಕ್ಕವನ್ನು ಆಮೂಲಾಗ್ರವಾಗಿ ಮಾಡಿನೋಡುವುದು ಒಳ್ಳೆಯದು.

ಮರ ಮತ್ತು ಅದರ ಎಣ್ಣೆ

ನಮ್ಮ ಪೂರ್ವಿಕರು ಓಲೆಗರಿಗಾಗಿ ಆಶ್ರಯಿಸಿದ ತಾಳೆಯ ಮರ ಬೇರೆ, ಎಣ್ಣೆಯ ತಾಳೆ ಬೇರೆ. ಸಸ್ಯಶಾಸ್ತ್ರಜ್ಞರು ಎಲೆಯಿಸ್ ಗಿನಿಯೆನ್ಸಿಸ್ ಎಂದು ಕರೆಯುವ ಈ ಮರದ ತವರು ಪಶ್ಚಿಮ ಆಫ್ರಿಕ. ೧೮೪೮ರಲ್ಲಿ ನಾಲ್ಕು ಸಸಿಗಳು ಜಾವಾ ದ್ವೀಪದ ಬೋಗೋರ್ ಸಸ್ಯೋದ್ಯಾನಕ್ಕೆ ಬಂದುವು. ೧೯೧೧ರಲ್ಲಿ ಸುಮಾತ್ರದಲ್ಲಿ, ೧೯೧೭ರಲ್ಲಿ ಮಲಯದಲ್ಲಿ ವ್ಯಾಪಾರದ ತೋಟಗಳು ಆರಂಭವಾದುವು. ಈಗ ಜಗತ್ತಿನ ತಾಳೆ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗ ಇಂಡೊನೇಷ್ಯ, ಮಲೇಷ್ಯ ಎಂಬ ಎರಡೇ ದೇಶಗಳಿಂದ ಬರುತ್ತದೆ.

ಎಲ್ಲ ಎಣ್ಣೆಗಳ ಅಣುರಚನೆಯೂ ಒಂದೇ ಬಗೆಯದು. ಗ್ಲಿಸರಾಲ್ ಎಂಬ ಚಿಕ್ಕ ಅಣುವೊಂದಕ್ಕೆ ಮೂರು ಮೇದಾಮ್ಲಗಳ ಉದ್ದನೆಯ ಸರಪಳಿಗಳು ಅಂಟಿಕೊಂಡಿರುತ್ತವೆ. ಸರಪಳಿಯ ಇಂಗಾಲದ ಪರಮಾಣುಗಳು ಹಿಡಿಯಬಹುದಾದಷ್ಟು ಜಲಜನಕವನ್ನು ಹಿಡಿದುಕೊಂಡಿದ್ದರೆ ಅಂತಹ ಆಮ್ಲವನ್ನು ಪರ್ಯಾಪ್ತವೆನ್ನುತ್ತೇವೆ. ಇನ್ನೂ ಎಡೆಯಿದ್ದರೆ ಅದು ಅಪರ್ಯಾಪ್ತ. ಪರ್ಯಾಪ್ತ ಸರಪಳಿ ನೆಟ್ಟಗಿರುತ್ತದೆ; ಅಪರ್ಯಾಪ್ತ ಸರಪಳಿ ನಡುವೆ ಡೊಂಕಾಗುತ್ತದೆ. ನೆಟ್ಟನೆಯ ಸೌದೆಗಳನ್ನು ಒತ್ತಾಗಿ ಒಟ್ಟಬಹುದು. ಡೊಂಕು ಸೌದೆಗಳ ನಡುವೆ ಸಂದು ಉಳಿಯುತ್ತದೆ. ಅಣುಗಳ ವಿಷಯದಲ್ಲಿಯೂ ಹಾಗೆಯೇ. ಆದುದರಿಂದ ಪರ್ಯಾಪ್ತ ಆಮ್ಲಗಳು ಹೆಚ್ಚಾಗಿರುವ ಕೊಬ್ಬು ಬೇಗ ಹೆಪ್ಪುಗಟ್ಟುತ್ತದೆ. ಶೇಂಗಾ ಎಣ್ಣೆಯಲ್ಲಿ ಪರ್ಯಾಪ್ತ ಭಾಗ ಐದರಲ್ಲಿ ಒಂದು ಪಾಲು; ತಾಳೆ ಎಣ್ಣೆಯಲ್ಲಿ ಹೆಚ್ಚು ಕಡಮೆ ಅರ್ಧ.

ತಾಳೆ ಎಣ್ಣೆಯ ಜನಪ್ರಿಯತೆಗೆ ಇದೇ ಮುಖ್ಯ ಕಾರಣ. ಪರ್ಯಾಪ್ತ ಸರಪಳಿಗಳನ್ನು ಗಾಳಿಯ ಆಮ್ಲಜನಕ ಸುಲಭವಾಗಿ ಮುರಿಯಲಾರದು. ಆದುದರಿಂದ ಈ ಎಣ್ಣೆ ಬಾಣಲೆಯಲ್ಲಿ ಬಹಳ ಹೊತ್ತು ಕಾದರೂ ಬೇಗ ಕೆಡುವುದಿಲ್ಲ. ಇದರಲ್ಲಿ ಮಾಡಿದ ತಿಂಡಿಗೆ ಕಮಟು ವಾಸನೆ ಬೇಗ ಬರುವುದಿಲ್ಲ. ಬೇರೆ ಎಣ್ಣೆಗಳನ್ನು ಗಟ್ಟಿಮಾಡಬೇಕಾದರೆ ನಿಕಲ್ ಲೋಹದ ಸಮಕ್ಷಮದಲ್ಲಿ ಜಲಜನಕವನ್ನು ಹಾಯಿಸಿ ವನಸ್ಪತಿ ತಯಾರಿಸಬೇಕು. ಆ ಕ್ರಿಯೆಯಲ್ಲಿ ಹೃದಯಕ್ಕೆ ಕೇಡಾದ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಈ ಕಾರಣದಿಂದ ನಮ್ಮ ದೇಶದಲ್ಲಿ ೨೦೨೨ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದರ ಪ್ರಮಾಣವನ್ನು ನೂರಕ್ಕೆ ಎರಡಕ್ಕೆ ಮಿತಗೊಳಿಸಲಾಯಿತು. ತಾಳೆ ಎಣ್ಣೆ ಸ್ವಭಾವತಃ ಅರೆಗಟ್ಟಿಯಾದುದರಿಂದ ಅದಕ್ಕೆ ಈ ಸಂಸ್ಕಾರ ಬೇಕಿಲ್ಲ. ಆದರೂ ಪರ್ಯಾಪ್ತ ಕೊಬ್ಬು ಮಿತಿಮೀರಿದರೆ ರಕ್ತದಲ್ಲಿ ಕೊಲೆಸ್ಟರಾಲ್ ಏರುವುದೆಂಬುದನ್ನು ಮರೆಯಬಾರದು.

ಎರಡನೆಯ ಕಾರಣ ಇಳುವರಿ. ಜಗಳೂರಿನ ಶೇಂಗಾ ಗಿಡಕ್ಕೆ ಹಸಿರೆಲೆ ಇರುವುದು ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು. ಉಳಿದ ಕಾಲ ಆ ಹೊಲದ ಮೇಲೆ ಬಿದ್ದ ಬಿಸಿಲೆಲ್ಲ ಬರಿಯ ಮಣ್ಣನ್ನು ಕಾಯಿಸುತ್ತದೆ. ತಾಳೆಯ ಮರವಾದರೋ ವರ್ಷವೆಲ್ಲ ಗರಿಗಳನ್ನು ಹರಡಿ ಬಿಸಿಲನ್ನು ಹಿಡಿಯುತ್ತಲೇ ಇರುತ್ತದೆ. ಮೇಲಾಗಿ ಅದರ ಹಣ್ಣಿನ ತಿರುಳಿನಿಂದ ಒಂದು ಎಣ್ಣೆ, ಬೀಜದಿಂದ ಮತ್ತೊಂದು ಎಣ್ಣೆ ದೊರೆಯುತ್ತವೆ. ಜಗತ್ತಿನ ಸರಾಸರಿಯಲ್ಲಿ ಒಂದು ಹೆಕ್ಟೇರು ತಾಳೆ ವರ್ಷಕ್ಕೆ ಮೂರು ಟನ್ನಿಗಿಂತ ಹೆಚ್ಚು ಎಣ್ಣೆ ಕೊಡುತ್ತದೆ. ಸೂರ್ಯಕಾಂತಿ ಮುಕ್ಕಾಲು ಟನ್ನಿನಷ್ಟು, ಸೋಯಾ ಅವರೆ ಅರ್ಧ ಟನ್ನಿನಷ್ಟು ಮಾತ್ರ ಕೊಡುತ್ತವೆ.

ನಮ್ಮ ಮಳೆಯಾಧಾರದ ಶೇಂಗಾ ಬೆಳೆ ಎಲ್ಲಿ ನಿಲ್ಲುತ್ತದೆ? ಮಳೆ ಕೈಕೊಡದ ವರ್ಷದಲ್ಲಿ ಹೆಕ್ಟೇರಿಗೆ ಒಂದು ಟನ್ನು ಕಾಯಿ ಬಂದಿತೆಂದಿಟ್ಟುಕೊಳ್ಳೋಣ. ಸಿಪ್ಪೆ ಹೋಗಿ ಉಳಿಯುವ ಬೀಜ ಸುಮಾರು ೭೦೦ ಕಿಲೋಗ್ರಾಂ. ಅದರಿಂದ ಇಳಿಯುವ ಎಣ್ಣೆ ಸುಮಾರು ೩೦೦ ಕಿಲೋಗ್ರಾಂ. ನಾವು ತರಿಸಿಕೊಳ್ಳುವ ೯೦ ಲಕ್ಷ ಟನ್ನು ತಾಳೆ ಎಣ್ಣೆಯ ಬದಲಿಗೆ ಈ ಲೆಕ್ಕದಲ್ಲಿ ಶೇಂಗಾ ಎಣ್ಣೆಯನ್ನೇ ಬಳಸಬೇಕಾದರೆ ಮೂರು ಕೋಟಿ ಹೆಕ್ಟೇರು ಹೊಲ ಬೇಕು. ಇಡೀ ಕರ್ನಾಟಕ ರಾಜ್ಯದ ವಿಸ್ತೀರ್ಣವೇ ಎರಡು ಕೋಟಿ ಹೆಕ್ಟೇರುಗಳಿಗಿಂತ ಕಡಮೆ. ತಾಳೆ ಎಣ್ಣೆಯನ್ನು ಬಹಿಷ್ಕರಿಸಿದರೆ ಸಮಸ್ಯೆ ಬಗೆಹರಿಯಿತೆಂದು ಹೇಳುವವರು ಈ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕಾಡು ತೆತ್ತ ಬೆಲೆ

ಇಷ್ಟು ಉಪಕಾರಿಯಾದ ಮರ ಅಪಖ್ಯಾತಿಗೆ ಒಳಗಾದುದೇಕೆ? ಅದು ಬೆಳೆಯುವ ಸ್ಥಳವೇ ಅದಕ್ಕೆ ಕಾರಣ. ವರ್ಷವೆಲ್ಲ ಮಳೆಯೂ ಸೆಕೆಯೂ ಇರುವ ಭೂಮಧ್ಯರೇಖೆಯ ಪಟ್ಟಿ ಇದಕ್ಕೆ ಹಿತವಾದ ನೆಲೆ. ಜಗತ್ತಿನ ಅತ್ಯಂತ ಸಮೃದ್ಧವಾದ ಮಳೆಕಾಡುಗಳಿರುವುದೂ ಅಲ್ಲಿಯೇ. ಬೋರ್ನಿಯೊ, ಸುಮಾತ್ರ ದ್ವೀಪಗಳಲ್ಲಿ ಕಾಡನ್ನು ಕಡಿದು ತೋಟಗಳನ್ನೆಬ್ಬಿಸಿದಾಗ, ಮಲಯ ಭಾಷೆಯಲ್ಲಿ 'ಕಾಡಿನ ಮನುಷ್ಯ' ಎಂಬ ಅರ್ಥದ ಹೆಸರುಳ್ಳ ಒರಾಂಗುಟಾನ್ ವಾನರಕ್ಕೆ ನೆಲೆ ತಪ್ಪಿತು. ಒಂದೇ ಜಾತಿಯ ಮರಗಳ ಸಾಲುಗಳು ದೂರದಿಂದ ಹಸುರಾಗಿ ಕಂಡರೂ ಕಾಡಿನ ಜೀವಿಗಳಲ್ಲಿ ಬಹುಭಾಗಕ್ಕೆ ಅಲ್ಲಿ ಆಹಾರವಿಲ್ಲ, ಆಸರೆಯಿಲ್ಲ.

ಇದಕ್ಕಿಂತ ಗಂಭೀರವಾದದ್ದು ಆ ದ್ವೀಪಗಳ ಜವುಗು ನೆಲದ ಕಥೆ. ಅಲ್ಲಿ ಬಿದ್ದ ಎಲೆ ಮತ್ತು ಕೊಂಬೆಗಳು ನೀರಿನಲ್ಲಿ ಮುಳುಗಿ, ಆಮ್ಲಜನಕ ಸಾಲದೆ, ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಸಂಗ್ರಹವಾಗಿವೆ. ಪೀಟ್ ಎಂದು ಕರೆಯುವ ಈ ನಿಕ್ಷೇಪ ಕಲ್ಲಿದ್ದಲಿನ ಎಳೆಯ ರೂಪ. ತೋಟ ಮಾಡುವುದಕ್ಕಾಗಿ ಕಾಲುವೆ ತೋಡಿ ನೀರನ್ನು ಬಸಿದೊಡನೆ ಗಾಳಿ ಒಳಹೊಕ್ಕು ಪೀಟ್ ಕೊಳೆಯತೊಡಗುತ್ತದೆ. ಹೆಕ್ಟೇರೊಂದರಿಂದ ವರ್ಷಕ್ಕೆ ಹಲವು ಹತ್ತು ಟನ್ನು ಇಂಗಾಲದ ಡೈಆಕ್ಸೈಡು ವಾಯುಮಂಡಲವನ್ನು ಸೇರುತ್ತದೆ. ಒಣಗಿದ ಪೀಟ್‌ಗೆ ಬೆಂಕಿ ತಗಲಿದರೆ ನೆಲದೊಳಗೇ ವಾರಗಟ್ಟಲೆ ಉರಿಯುತ್ತದೆ. ೨೦೧೫ರಲ್ಲಿ ಇಂಡೊನೇಷ್ಯದಲ್ಲಿ ಸುಮಾರು ೨೬ ಲಕ್ಷ ಹೆಕ್ಟೇರು ಸುಟ್ಟುಹೋಯಿತೆಂದೂ ನಷ್ಟ ಸುಮಾರು ೧,೬೦೦ ಕೋಟಿ ಡಾಲರುಗಳೆಂದೂ ವಿಶ್ವಬ್ಯಾಂಕು ಅಂದಾಜು ಮಾಡಿತು. ಅದೆಲ್ಲವೂ ತಾಳೆಗಾಗಿಯೇ ಹೊತ್ತಿಸಿದ ಬೆಂಕಿಯಲ್ಲ. ಆದರೆ ತಾಳೆಯ ಪಾಲು ಅದರಲ್ಲಿ ಇದ್ದೇ ಇದ್ದಿತು. ಈ ನಷ್ಟದ ಒಂದು ಕಾಸೂ ನಮ್ಮ ಅಂಗಡಿಯ ಎಣ್ಣೆಯ ಬೆಲೆಯಲ್ಲಿ ಸೇರಿರಲಿಲ್ಲ.

ಚಳ್ಳಕೆರೆಯ ಗಿರಣಿಗಳು

ಕಾಡಿನ ಬೆಲೆ ದೂರದ ದ್ವೀಪಗಳಲ್ಲಿ ತೆತ್ತದ್ದಾಯಿತು. ಕಸಬಿನ ಬೆಲೆಯನ್ನು ನಮ್ಮ ನೆರೆಯಲ್ಲಿಯೇ ನೋಡಬಹುದು. ಜಗಳೂರು ೧೯೯೭ರ ವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದಿತು. ಅದೇ ಜಿಲ್ಲೆಯ ಚಳ್ಳಕೆರೆ ಸುತ್ತಲಿನ ಕೆಂಪು ನೆಲದ ಶೇಂಗಾವನ್ನು ಆಧರಿಸಿ ಎಣ್ಣೆ ನಗರವೆಂದು ಹೆಸರಾದ ಊರು. ಹೊಲದವನಿಗೆ ಬೆಲೆ, ಗಿರಣಿಯ ಆಳಿಗೆ ಕೂಲಿ, ದನಕ್ಕೆ ಹಿಂಡಿ, ಮನೆಗೆ ಎಣ್ಣೆ, ಎಲ್ಲವೂ ಕೆಲವು ಹರದಾರಿಗಳ ಒಳಗೇ ತಿರುಗುತ್ತಿದ್ದುವು.

೧೯೮೬ರಲ್ಲಿ ಕೇಂದ್ರ ಸರ್ಕಾರವು ಎಣ್ಣೆಬೀಜಗಳ ತಂತ್ರಜ್ಞಾನ ಯೋಜನೆಯನ್ನು ಕೈಗೊಂಡ ಮೇಲೆ ಕೆಲವೇ ವರ್ಷಗಳಲ್ಲಿ ದೇಶವು ಖಾದ್ಯತೈಲದಲ್ಲಿ ಸ್ವಾವಲಂಬನೆಯ ಹತ್ತಿರಕ್ಕೆ ಬಂದಿತ್ತು. ೧೯೯೪ರಲ್ಲಿ ಪಾಮೋಲೀನ್ ಆಮದಿನ ನಿರ್ಬಂಧ ಸಡಿಲವಾಯಿತು. ಅಗ್ಗದ ಎಣ್ಣೆ ಬಂದಿತು. ಬಡವರ ಅಡುಗೆಮನೆಗೆ ಅದರಿಂದ ಅನುಕೂಲವಾದುದನ್ನು ಅಲ್ಲಗಳೆಯಲಾಗದು. ಆದರೆ ಶೇಂಗಾ ಎಣ್ಣೆ ಆ ಬೆಲೆಯೊಡನೆ ಸೆಣಸಲಾರದಾಯಿತು. ಇದರೊಡನೆ ಮೇಲಿಂದ ಮೇಲೆ ಬಂದ ಬರವೂ ಸೇರಿ ಚಳ್ಳಕೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದುವು. ಜಗಳೂರಿನ ಸೀಮೆಯ ಹೊಲಗಳಲ್ಲಿ ಶೇಂಗಾದ ಜಾಗದ ಬಹುಭಾಗವನ್ನು ಮೆಕ್ಕೆಜೋಳ ಹಿಡಿಯಿತು.

ಪರಾವಲಂಬನೆಯ ಅಪಾಯ ೨೦೨೨ರಲ್ಲಿ ಸ್ಪಷ್ಟವಾಯಿತು. ತನ್ನ ಜನರಿಗೆ ಎಣ್ಣೆ ಸಾಲದೆಂದು ಇಂಡೊನೇಷ್ಯವು ಏಪ್ರಿಲ್ ೨೮ರಿಂದ ಮೇ ೨೩ರ ವರೆಗೆ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿಬಿಟ್ಟಿತು. ನಮ್ಮ ಸರ್ಕಾರವೂ ಕಚ್ಚಾ ಎಣ್ಣೆಯ ಮೇಲಿನ ಮೂಲ ಸುಂಕವನ್ನು ೨೦೨೪ರ ಸೆಪ್ಟೆಂಬರಿನಲ್ಲಿ ನೂರಕ್ಕೆ ೨೦ಕ್ಕೆ ಏರಿಸಿ, ೨೦೨೫ರ ಮೇ ತಿಂಗಳಲ್ಲಿ ೧೦ಕ್ಕೆ ಇಳಿಸಿತು. ಏರಿಸಿದರೆ ಕೊಳ್ಳುವವನಿಗೆ ಕಷ್ಟ, ಇಳಿಸಿದರೆ ಬೆಳೆಯುವವನಿಗೆ ಕಷ್ಟ. ಹೀಗಿರುವಾಗ ನಮ್ಮ ಎಣ್ಣೆಯನ್ನು ನಾವೇ ಬೆಳೆದುಕೊಳ್ಳಬೇಕೆಂಬುದರಲ್ಲಿ ವಾದವಿಲ್ಲ. ಯಾವುದನ್ನು, ಎಲ್ಲಿ ಎಂಬುದೇ ಪ್ರಶ್ನೆ.

ಜಗಳೂರಿನ ನೀರಿನ ಲೆಕ್ಕ

ತಾಳೆಯ ಮರಗಳನ್ನು ತ್ರಿಕೋನಾಕಾರದಲ್ಲಿ ಒಂಬತ್ತು ಮೀಟರು ಅಂತರದಲ್ಲಿ ನೆಡುತ್ತಾರೆ. ಹೆಕ್ಟೇರಿಗೆ ೧೪೩ ಮರಗಳಾಗುತ್ತವೆ. ಬೆಳೆದ ಮರವೊಂದಕ್ಕೆ ದಿನಕ್ಕೆ ೧೫೦ರಿಂದ ೨೦೦ ಲೀಟರು, ಬಿರುಬೇಸಗೆಯಲ್ಲಿ ಇನ್ನೂ ಹೆಚ್ಚು, ನೀರು ಬೇಕು. ೨೦೦ ಲೀಟರೆಂದು ಹಿಡಿದರೆ ಹೆಕ್ಟೇರಿಗೆ ದಿನಕ್ಕೆ ೨೮,೬೦೦ ಲೀಟರಾಯಿತು. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರು ಎತ್ತರಕ್ಕೆ ನಿಂತ ನೀರು ೧೦,೦೦೦ ಲೀಟರು. ಆದುದರಿಂದ ಈ ತೋಟದ ದಿನದ ಅಗತ್ಯ ಸುಮಾರು ೨.೯ ಮಿಲಿಮೀಟರು, ವರ್ಷದ ಅಗತ್ಯ ಸುಮಾರು ೧,೦೪೦ ಮಿಲಿಮೀಟರು. ಜಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೫೦೦ರಿಂದ ೬೦೦ ಮಿಲಿಮೀಟರು ಮಾತ್ರ. ಬಿದ್ದ ಮಳೆಯ ಒಂದು ಹನಿಯೂ ಹರಿದುಹೋಗದಿದ್ದರೂ ಸಹ ಅರ್ಧದಷ್ಟು ಸಾಲದೆ ಬರುತ್ತದೆ.

ಈ ಕೊರತೆಯನ್ನು ಕೊಳವೆಬಾವಿಯಿಂದ ತುಂಬಿಕೊಳ್ಳುವುದಾದರೆ ಏನಾಗುವುದು? ಮಳೆಯಿಲ್ಲದ ೨೪೦ ದಿನಗಳಲ್ಲಿ ಮಾತ್ರ ನೀರು ಕೊಟ್ಟರೂ ಹೆಕ್ಟೇರಿಗೆ ಸುಮಾರು ೬೮ ಲಕ್ಷ ಲೀಟರು ಬೇಕು. ನಮ್ಮ ಸೀಮೆಯ ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಬಿದ್ದ ಮಳೆಯಲ್ಲಿ ಹತ್ತರಲ್ಲೊಂದು ಪಾಲು ಭೂಮಿಯೊಳಕ್ಕೆ ಇಂಗುವುದೆಂದರೆ ಅದು ಉದಾರವಾದ ಅಂದಾಜು. ೫೫೦ ಮಿಲಿಮೀಟರು ಮಳೆಯಲ್ಲಿ ಹೀಗೆ ಇಂಗುವುದು ೫೫ ಮಿಲಿಮೀಟರು, ಎಂದರೆ ಹೆಕ್ಟೇರಿಗೆ ೫.೫ ಲಕ್ಷ ಲೀಟರು. ೬೮ ಲಕ್ಷವನ್ನು ೫.೫ ಲಕ್ಷದಿಂದ ಭಾಗಿಸಿದರೆ ಹನ್ನೆರಡಕ್ಕಿಂತ ತುಸು ಹೆಚ್ಚು ಬರುತ್ತದೆ. ಎಂದಮೇಲೆ ಜಗಳೂರಿನಲ್ಲಿ ಒಂದು ಹೆಕ್ಟೇರು ತಾಳೆಯ ತೋಟವು ಸುತ್ತಲಿನ ಹನ್ನೆರಡು ಹೆಕ್ಟೇರುಗಳ ಅಂತರ್ಜಲವನ್ನು ಕುಡಿದುಬಿಡುತ್ತದೆ!

ಇಲ್ಲಿ ನಮ್ಮ ಮೊದಲಿನ ಲೆಕ್ಕ ತಲೆಕೆಳಗಾಗುತ್ತದೆ. ತೋಟ ಚೆನ್ನಾಗಿ ಫಲಿಸಿ ಹೆಕ್ಟೇರಿಗೆ ೨೦ ಟನ್ನು ಗೊನೆ ಬಂದಿತೆನ್ನೋಣ. ನೂರಕ್ಕೆ ೧೭ರಂತೆ ಎಣ್ಣೆ ೩.೪ ಟನ್ನು. ಇದನ್ನು ತೋಟದ ಒಂದು ಹೆಕ್ಟೇರಿಗೆ ಮಾತ್ರವಲ್ಲದೆ ಅದಕ್ಕೆ ನೀರು ಒದಗಿಸಿದ ಹನ್ನೆರಡೂವರೆ ಹೆಕ್ಟೇರುಗಳಿಗೂ ಹಂಚಿದರೆ ಹೆಕ್ಟೇರಿಗೆ ಸುಮಾರು ೨೫೦ ಕಿಲೋಗ್ರಾಂ ಆಗುತ್ತದೆ. ಮಳೆಯನ್ನೇ ನಂಬಿದ ಶೇಂಗಾದ ೩೦೦ ಕಿಲೋಗ್ರಾಂಗಿಂತಲೂ ಇದು ಕಡಮೆ. ಆ ಹನ್ನೆರಡು ಹೆಕ್ಟೇರುಗಳ ಮೇಲೆ ಮಳೆಯ ಬೆಳೆಯನ್ನು ತೆಗೆಯಬಹುದೆಂಬುದು ನಿಜ. ಆದರೆ ಅಲ್ಲಿಯ ಬಾವಿಗಳು ಬತ್ತಿರುತ್ತವೆ; ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯಬೇಕಾಗುತ್ತದೆ. ತಾಳೆ ಸ್ವಲ್ಪ ನೆಲದಲ್ಲಿ ಹೆಚ್ಚು ಎಣ್ಣೆ ಕೊಡುವುದೆಂಬ ಮಾತು ಮಳೆನಾಡಿನಲ್ಲಿ ಸತ್ಯ. ಬರನಾಡಿನಲ್ಲಿ ಅದು ನೆರೆಯವರ ನೀರಿನಿಂದ ತೋರಿಸಿದ ಲಾಭ.

ವಿದ್ಯುಚ್ಛಕ್ತಿಯ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ೨೮,೬೦೦ ಕಿಲೋಗ್ರಾಂ ನೀರನ್ನು ೧೫೦ ಮೀಟರು ಆಳದಿಂದ ಎತ್ತುವುದಕ್ಕೆ ಸುಮಾರು ೪೨೦ ಲಕ್ಷ ಜೌಲು, ಎಂದರೆ ೧೧.೭ ಯೂನಿಟ್ಟು ಬೇಕು. ಪಂಪಿನ ದಕ್ಷತೆ ನೂರಕ್ಕೆ ೪೦ ಆದರೆ ದಿನಕ್ಕೆ ೨೯ ಯೂನಿಟ್ಟು. ಹತ್ತು ಅಶ್ವಶಕ್ತಿಯ ವರೆಗಿನ ನೀರಾವರಿ ಪಂಪುಗಳ ವಿದ್ಯುತ್ತಿಗೆ ರಾಜ್ಯ ಸರ್ಕಾರವೇ ಹಣ ತೆರುವುದರಿಂದ ಇದು ರೈತನ ಖಾತೆಯಲ್ಲಿ ಕಾಣುವುದಿಲ್ಲ. ಎಲ್ಲರ ಖಾತೆಯಲ್ಲಿ ಮಾತ್ರ ಇದ್ದೇ ಇರುತ್ತದೆ.

ಇನ್ನೊಂದು ಅಪಾಯವೂ ಉಂಟು. ಶೇಂಗಾ ಕೆಟ್ಟರೆ ಒಂದು ಹಂಗಾಮು ಹೋಗುತ್ತದೆ. ತಾಳೆ ಫಲ ಕೊಡುವುದಕ್ಕೆ ಮೂರು ನಾಲ್ಕು ವರ್ಷ ಕಾಯಬೇಕು. ಆ ವೇಳೆಗೆ ಕೊಳವೆಬಾವಿ ಬತ್ತಿದರೆ ಅಷ್ಟು ವರ್ಷಗಳ ಬಂಡವಾಳವೂ ಹೋಗುತ್ತದೆ. ಕೊಯ್ದ ಗೊನೆಯನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಗಿರಣಿಗೆ ಸೇರಿಸದಿದ್ದರೆ ಹಣ್ಣಿನಲ್ಲಿರುವ ಕಿಣ್ವವು ಎಣ್ಣೆಯನ್ನು ಒಡೆದು ಹುಳಿಯಾಗಿಸುತ್ತದೆ. ಶೇಂಗಾವನ್ನು ಚೀಲದಲ್ಲಿಟ್ಟು ಬೆಲೆ ಬರುವ ವರೆಗೆ ಕಾಯಬಹುದು. ತಾಳೆಯ ರೈತನು ಹತ್ತಿರದ ಒಂದೇ ಗಿರಣಿಯನ್ನು ನಂಬಿಕೊಂಡಿರಬೇಕಾಗುತ್ತದೆ.

ತಕ್ಕ ನೆಲಕ್ಕೆ ತಕ್ಕ ಎಣ್ಣೆ

ಹಾಗಾದರೆ ತಾಳೆಯನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲಿಯೂ ಬೆಳೆಯಕೂಡದೆ? ಹಾಗೇನೂ ಅಲ್ಲ. ಭದ್ರಾ ನಾಲೆಯ ನೀರುಣ್ಣುವ ಚನ್ನಗಿರಿ, ಹೊನ್ನಾಳಿಗಳ ಗದ್ದೆಗಳನ್ನು ನೋಡೋಣ. ಅಲ್ಲಿ ಬತ್ತದ ಒಂದೊಂದು ಬೆಳೆಯೂ ೧,೦೦೦ ಮಿಲಿಮೀಟರಿಗಿಂತ ಹೆಚ್ಚು ನೀರನ್ನು ಬೇಡುತ್ತದೆ. ವರ್ಷಕ್ಕೆ ಎರಡು ಬತ್ತ ಬೆಳೆಯುವ ಗದ್ದೆಯಲ್ಲಿ ಹನಿ ನೀರಾವರಿಯಿಂದ ತಾಳೆ ಬೆಳೆದರೆ ನೀರು ಉಳಿತಾಯವೇ ಆಗುತ್ತದೆ. ಕಾಡನ್ನು ಕಡಿಯಬೇಕಾದುದೂ ಇಲ್ಲ. ಜಗಳೂರಿನಲ್ಲಿ ದುಂದಾಗುವ ಅದೇ ೨.೯ ಮಿಲಿಮೀಟರು ಹೊನ್ನಾಳಿಯಲ್ಲಿ ಮಿತವ್ಯಯ. ಮರ ಬದಲಾಗಿಲ್ಲ, ನೆಲ ಬದಲಾಗಿದೆ.

ಅದೇ ಬತ್ತದ ಸೀಮೆಯಲ್ಲಿ ಇನ್ನೊಂದು ಎಣ್ಣೆ ಸದ್ದಿಲ್ಲದೆ ದೊರೆಯುತ್ತದೆ. ಒಂದು ಟನ್ನು ಬತ್ತವನ್ನು ಗಿರಣಿಯಲ್ಲಿ ಮಾಡಿಸಿದರೆ ಸುಮಾರು ೭೫ ಕಿಲೋಗ್ರಾಂ ತೌಡು ಬರುತ್ತದೆ. ಅದರಲ್ಲಿ ಸುಮಾರು ಹನ್ನೆರಡು ಕಿಲೋಗ್ರಾಂ ಎಣ್ಣೆಯುಂಟು. ಅನ್ನಕ್ಕಾಗಿ ಬೆಳೆದ ಬತ್ತದಿಂದಲೇ ಇದು ಬರುವುದರಿಂದ ಇದಕ್ಕೆ ಬೇರೆ ನೆಲವೂ ಬೇಡ, ಬೇರೆ ನೀರೂ ಬೇಡ. ಆದರೆ ತೌಡಿನಲ್ಲಿಯೂ ಎಣ್ಣೆಯನ್ನೊಡೆಯುವ ಕಿಣ್ವವಿದೆ. ತೌಡನ್ನು ಒಡನೆಯೇ ಬಿಸಿಮಾಡಿ ಆ ಕಿಣ್ವವನ್ನು ನಿಷ್ಕ್ರಿಯಗೊಳಿಸಬೇಕು, ಅಥವಾ ತಡಮಾಡದೆ ಎಣ್ಣೆ ತೆಗೆಯಬೇಕು. ಈ ಸೌಕರ್ಯವಿಲ್ಲದ ಗಿರಣಿಗಳಲ್ಲಿ ಅಡುಗೆಗೆ ಒದಗಬೇಕಾದ ಎಣ್ಣೆ ದನದ ಮೇವಿನ ಪಾಲಾಗುತ್ತದೆ.

ಜಗಳೂರಿಗಾದರೋ ಶೇಂಗಾ, ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳುಗಳೇ ಒಪ್ಪುವ ಎಣ್ಣೆಬೆಳೆಗಳು. ಶೇಂಗಾ ದ್ವಿದಳ ಜಾತಿಯದು. ಅದರ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಹಿಂಡಿ ದನಕ್ಕಾಗುತ್ತದೆ, ಹೊಟ್ಟು ಮೇವಾಗುತ್ತದೆ, ಸಾಲುಗಳ ನಡುವೆ ತೊಗರಿ ಅಕ್ಕಡಿಯಾಗಿ ಬೆಳೆಯುತ್ತದೆ. ಕೆರೆಗೆ ಬಂದ ಹೊಸ ನೀರನ್ನು ವರ್ಷವೆಲ್ಲ ಕುಡಿಯುವ ಮರಕ್ಕೆ ಸುರಿಯುವ ಬದಲು, ಮಳೆ ತಪ್ಪಿದಾಗ ಇಂತಹ ಬೆಳೆಗೆ ಒಂದೆರಡು ಬಾರಿ ಹಾಯಿಸಿದರೆ ಅದೇ ನೀರು ಹಲವು ಪಟ್ಟು ಹೊಲಗಳನ್ನು ಉಳಿಸುತ್ತದೆ. ೫೦ ಮಿಲಿಮೀಟರಿನಂತೆ ಎರಡು ಸಲ ಕೊಟ್ಟರೆ ಹೆಕ್ಟೇರಿಗೆ ಹತ್ತು ಲಕ್ಷ ಲೀಟರು ಸಾಕು. ಒಂದು ಹೆಕ್ಟೇರು ತಾಳೆಯ ೬೮ ಲಕ್ಷ ಲೀಟರು ಸುಮಾರು ಏಳು ಹೆಕ್ಟೇರು ಶೇಂಗಾವನ್ನು ಬರದಿಂದ ಪಾರುಮಾಡಬಲ್ಲುದು. ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು ೨೦೧೧ರಲ್ಲಿ ಕೊಂಡುಕುರಿಗಳ ರಕ್ಷಣಾಧಾಮವೆಂದು ಘೋಷಿತವಾಯಿತು. ಇಲ್ಲಿಯ ಹಳ್ಳಕೊಳ್ಳಗಳ ನೀರಿಗೆ ಮನುಷ್ಯರಲ್ಲದೆ ಅವೂ ಹಕ್ಕುದಾರರೆಂಬುದು ನೆನಪಿರಬೇಕು.

ಆದರೆ ಬೆಳೆ ಯಾವುದಾದರೂ ಸರಿ, ರೈತನಿಗೆ ಬೆಲೆ ನಿಲ್ಲದಿದ್ದರೆ ಈ ಲೆಕ್ಕಗಳೆಲ್ಲ ಕಾಗದದ ಮೇಲೆಯೇ ಉಳಿಯುತ್ತವೆ. ತಾಳೆಯ ಗೊನೆಗೆ ಸರ್ಕಾರವು ೨೦೨೧ರ ಯೋಜನೆಯಲ್ಲಿ ಬೆಲೆಯ ಭರವಸೆಯನ್ನು ನೀಡಿತು. ಶೇಂಗಾಕ್ಕೆ ಬೆಂಬಲ ಬೆಲೆಯುಂಟು. ಆದ ಕೊಯ್ಲನ್ನು ಆ ಬೆಲೆಗೆ ಕಾಲಕ್ಕೆ ಸರಿಯಾಗಿ ಕೊಳ್ಳುವ ವ್ಯವಸ್ಥೆಯೂ ಅಷ್ಟೇ ದೃಢವಾಗಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಅಗ್ಗವಾದ ಬದಲಿ ಎಣ್ಣೆಯೊಂದಿದೆ. ಅದು ನಾವು ಬಳಸದೆ ಉಳಿಸುವ ಎಣ್ಣೆ. ದೇಶದಲ್ಲಿ ತಲೆಗೆ ವರ್ಷಕ್ಕೆ ಸುಮಾರು ೧೯ ಕಿಲೋಗ್ರಾಂಗಳಿಗಿಂತ ಹೆಚ್ಚು ಎಣ್ಣೆ ಖರ್ಚಾಗುತ್ತಿದೆ. ಆರೋಗ್ಯಶಾಸ್ತ್ರಜ್ಞರ ಸಲಹೆಗಿಂತ ಇದು ಬಹಳ ಹೆಚ್ಚು. ಒಬ್ಬೊಬ್ಬರು ವರ್ಷಕ್ಕೆ ಎರಡು ಕಿಲೋಗ್ರಾಂ ಕಡಮೆ ಮಾಡಿದರೆ ೧೪೦ ಕೋಟಿ ಜನರಿಂದ ೨೮ ಲಕ್ಷ ಟನ್ನು ಉಳಿಯುತ್ತದೆ. ೨೦೨೩-೨೪ರಲ್ಲಿ ಬಂದ ತಾಳೆ ಎಣ್ಣೆಯ ಹೆಚ್ಚು ಕಡಮೆ ಮೂರನೆಯ ಒಂದು ಭಾಗ ಅದು. ಅದಕ್ಕೆ ಹೊಲ ಬೇಡ, ಕೊಳವೆಬಾವಿ ಬೇಡ, ಬೋರ್ನಿಯೊದ ಕಾಡೂ ಬೇಡ.